ಎತ್ತರದ ಗಾಡಿಯೂ ತುಂಬಿದ ಚೊಂಬೂ

ಕುಳ್ಳಗಿರುವವರ ಕಷ್ಟ ಕುಳ್ಳಗಿರುವವರಿಗೇ ಗೊತ್ತು. ಗುಂಪಿನ ಫೋಟೊ ತೆಗೆಯುವಾಗ ನಮ್ಮನ್ನು ಯಾರೂ ಒಂದು ಮಾತು ಕೇಳುವುದಿಲ್ಲ, ಭುಜ ಹಿಡಿದು ಮುಂದಿನ ಸಾಲಿಗೆ ತಂದು ಕೂರಿಸುತ್ತಾರೆ. ಬಸ್ಸಿನಲ್ಲಿ ಮೇಲಿನ ಕಂಬಿ ಎಟುಕುವುದಿಲ್ಲ, ಹಾಗಾಗಿ ಪಕ್ಕದವರ ಅಂಗಿಯನ್ನು ನಂಬಿಕೊಂಡು ನಿಲ್ಲಬೇಕು. ನನ್ನ ಸ್ವಂತ ಮದುವೆ ಬಿಟ್ಟರೆ, ಧಾರೆ ಎರೆಯುವುದನ್ನು ನಾನು ಇದುವರೆಗೆ ಕಣ್ಣಾರೆ ಕಂಡದ್ದು ಒಮ್ಮೆ ಮಾತ್ರ, ಅದು ನನ್ನ ಮಗಳ ಮದುವೆಯಲ್ಲಿ, ಎರೆಯುವವನು ನಾನೇ ಆಗಿದ್ದರಿಂದ. ಮಂಡ್ಯದ ಒಂದು ಕಾಲೇಜಿನ ಕಚೇರಿಯಲ್ಲಿ ನಾನು ಸೂಪರಿಂಟೆಂಡೆಂಟು. ಮೇಜಿನ ಹಿಂದೆ ಸಾಕ್ಷಾತ್ ನಾನೇ ಕೂತಿದ್ದರೂ ಬಂದವರು ಕುರ್ಚಿಯ ಬೆನ್ನನ್ನು ನೋಡಿ, "ಸಾಹೇಬ್ರು ಎಲ್ಲೋದ್ರು?" ಎಂದು ನನ್ನನ್ನೇ ಕೇಳುತ್ತಾರೆ. ಇಷ್ಟೆಲ್ಲ ಅನುಭವಿಸಿದ ಮನುಷ್ಯನಿಗೆ ಒಂದಲ್ಲ ಒಂದು ದಿನ ಎತ್ತರದ ಚಪಲ ಹತ್ತದೆ ಇರುತ್ತದೆಯೇ? ನನಗೆ ಹತ್ತಿತು, ಅದೂ ಮಂಡಿ ನೋವು ಶುರುವಾದ ವಯಸ್ಸಿನಲ್ಲಿ.

ಮಂಡ್ಯದ ಹೊರಗೆ ಹಳೇ ಗಾಡಿಗಳನ್ನು ಮಾರುವ ಜಾಗವೊಂದಿದೆ. ಅಲ್ಲಿ ಸಾಲಾಗಿ ನಿಂತಿದ್ದ ಗಾಡಿಗಳ ಮಧ್ಯೆ ಒಂದು ಪಿಕಪ್ಪು ಮಿಕ್ಕವುಗಳ ನೆತ್ತಿಯ ಮೇಲಿಂದ ನನ್ನನ್ನು ನೋಡುತ್ತಿತ್ತು. ಮುಂದೆ ಮೂರು ಜನ ಒತ್ತಿ ಕೂರಬಹುದು, ಹಿಂದೆ ಸಾಮಾನು ಹೇರಬಹುದು. ಕೊಡಗಿನ ಯಾವುದೋ ತೋಟದ ಯುವಕ ಕಾಡು ಬೆಟ್ಟ ಹತ್ತಿಸಬೇಕೆಂದು ಅದನ್ನು ಎತ್ತರ ಮಾಡಿಸಿ, ಟ್ರಾಕ್ಟರಿನಂಥ ಚಕ್ರ ಹಾಕಿಸಿ, ಆಮೇಲೆ ಯಾಕೋ ಬೇಸರವಾಗಿ ಮಾರಿದ್ದನಂತೆ. ಯಾಕೆ ಬೇಸರವಾಯಿತು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಒಮ್ಮೆ ಹತ್ತಿ ಕೂತು ನೋಡಿದೆ, ಅಷ್ಟೇ. ಆ ಸೀಟಿನಿಂದ ಮಂಡ್ಯ ಬೇರೆಯದೇ ಊರಾಗಿ ಕಂಡಿತು. ಜನರ ಬೋಳು ನೆತ್ತಿಗಳನ್ನು ಮೇಲಿನಿಂದ ನೋಡುವ ಭಾಗ್ಯ ನನಗೆ ಹುಟ್ಟಿದಂದಿನಿಂದ ಸಿಕ್ಕಿರಲಿಲ್ಲ.

ಹೆಂಡತಿ ಶಾರದೆಗೆ ನಾನು ಹೇಳಿದ ಕಾರಣವೇ ಬೇರೆ. ಬಸರಾಳು ಕಡೆ ನಮ್ಮ ಊರಿನಲ್ಲಿ ಒಂದಿಷ್ಟು ಗದ್ದೆ ಇದೆ, ಭತ್ತ ಸಾಗಿಸಲು ಬೇಕಾಗುತ್ತದೆ ಎಂದೆ. ಅವಳು ಗಾಡಿಯನ್ನು ಒಂದು ಸುತ್ತು ಸುತ್ತಿ, "ಭತ್ತ ಹೆಂಗೋ ಹತ್ತುತ್ತೆ. ನೀವು ಹೆಂಗೆ ಹತ್ತೀರಿ?" ಎಂದಳು. ಅದಕ್ಕೂ ನಾನು ಉಪಾಯ ಮಾಡಿಕೊಂಡಿದ್ದೆ. ಬಚ್ಚಲಮನೆಯ ಪ್ಲಾಸ್ಟಿಕ್ ಸ್ಟೂಲಿಗೆ ಹಗ್ಗ ಕಟ್ಟಿ, ಅದರ ಮೇಲೆ ಕಾಲಿಟ್ಟು ಒಳಗೆ ಹತ್ತುವುದು, ಹತ್ತಿದ ಮೇಲೆ ಬಾವಿಯಿಂದ ಕೊಡ ಸೇದುವಂತೆ ಸ್ಟೂಲನ್ನು ಸೇದಿ ಒಳಗಿಟ್ಟುಕೊಳ್ಳುವುದು. ಬೀದಿಯವರು ಮೊದಮೊದಲು ನಿಂತು ನೋಡಿದರು, ಆಮೇಲೆ ರೂಢಿಯಾಗಿ ಸುಮ್ಮನಾದರು.

ರೂಢಿಯಾಗದೇ ಹೋದದ್ದು ಗಾಡಿಯ ಓಟ. ಅದು ಓಡುತ್ತಿರಲಿಲ್ಲ, ಎಗರುತ್ತಿತ್ತು. ರಸ್ತೆಯಲ್ಲಿ ಹುರುಳಿಕಾಳು ಬಿದ್ದಿದ್ದರೂ ಅದು ನನ್ನ ಬೆನ್ನುಮೂಳೆಗೆ ತಿಳಿಸದೆ ಮುಂದೆ ಹೋಗುತ್ತಿರಲಿಲ್ಲ. ಹಂಪು ಬಂತೆಂದರೆ ಮೊದಲು ಗಾಡಿ ಮೇಲೇಳುತ್ತಿತ್ತು, ಗಾಡಿ ಇಳಿಯುವ ಹೊತ್ತಿಗೆ ನಾನು ಏಳುತ್ತಿದ್ದೆ, ನಡುವೆ ಎಲ್ಲೋ ಇಬ್ಬರೂ ಭೇಟಿಯಾಗುತ್ತಿದ್ದೆವು. ಶಾರದೆ ಒಂದೇ ಒಂದು ಸಲ ಬಸರಾಳಿನವರೆಗೆ ನನ್ನ ಜೊತೆ ಬಂದಳು. ಇಳಿದ ಮೇಲೆ ಸೊಂಟ ಹಿಡಿದುಕೊಂಡು, "ಇನ್ನೊಂದ್ಸಲ ಈ ಗಾಡಿ ಹತ್ತಿದ್ರೆ ನನ್ನ ಹೆಸರು ಬೇರೆ ಇಡಿ" ಎಂದು ಬಸ್ಸಿನಲ್ಲಿ ವಾಪಸು ಬಂದಳು. ಮನೆಗೆ ಅವಳೇ ಮೊದಲು ತಲುಪಿದ್ದಳು.

ಇಷ್ಟೇ ಆಗಿದ್ದರೆ ಇದು ನನ್ನ ಬೆನ್ನಿನ ಕಥೆಯಾಗಿ ಮುಗಿದುಹೋಗುತ್ತಿತ್ತು. ಆದರೆ ಪವಿತ್ರ ಬಸುರಿಯಾದಳು. ಪವಿತ್ರ ನಮ್ಮ ಒಬ್ಬಳೇ ಮಗಳು, ಮಳವಳ್ಳಿಗೆ ಕೊಟ್ಟಿದ್ದೇವೆ. ಅಳಿಯನಿಗೆ ಅಲ್ಲೇ ಹತ್ತಿರ, ಬ್ಲಫ್ ಎಂದು ಕರೆಯುವ ಊರಿನ ವಿದ್ಯುತ್ ಕೇಂದ್ರದಲ್ಲಿ ಕೆಲಸ. ಪಾಳಿಯ ಕೆಲಸವಾದ್ದರಿಂದ ನಾವು ಹೋದಾಗಲೆಲ್ಲ ಅವನು ಒಂದೋ ಡ್ಯೂಟಿಯಲ್ಲಿರುತ್ತಾನೆ, ಇಲ್ಲವೇ ನಿದ್ದೆಯಲ್ಲಿರುತ್ತಾನೆ. ಬೀಗರು ಮಾತು ಕಡಿಮೆಯ ಜನ, ಮನೆಯ ಮಾತನ್ನೆಲ್ಲ ಹೆಂಡತಿಗೆ ಗುತ್ತಿಗೆ ಕೊಟ್ಟುಬಿಟ್ಟಿದ್ದಾರೆ. ಆ ಬೀಗಿತ್ತಿ ಸಾಕಮ್ಮನವರೇ ಈ ಪ್ರಸಂಗದ ಹೈಕೋರ್ಟು. ನಮ್ಮಲ್ಲಿ ಚೊಚ್ಚಲ ಹೆರಿಗೆ ತೌರಿನದು. ಬಸುರಿಯನ್ನು ಏಳರಲ್ಲಿ ಕರೆತರಬೇಕು, ತಪ್ಪಿದರೆ ಒಂಬತ್ತರಲ್ಲಿ, ಎಂಟರಲ್ಲಿ ಕೂಡದು. ಮಗಳಿಗೆ ಬಳೆ ತೊಡಿಸಿದ ದಿನ ಎರಡೂ ಕಡೆಯ ನೆಂಟರ ಮುಂದೆ ನಾನು, "ಬಾಡಿಗೆ ಕಾರು ಗೀರು ನಮಗೆ ಬೇಡ, ನಮ್ಮ ಹುಡುಗಿ ನಮ್ಮ ಗಾಡೀಲೇ ತೌರಿಗೆ ಬರೋದು" ಎಂದುಬಿಟ್ಟೆ. ಪಾಯಸ ಚೆನ್ನಾಗಿದ್ದರೆ ನನಗೆ ಮಾತು ಹೆಚ್ಚಾಗುತ್ತದೆ.

ಏಳನೆಯ ತಿಂಗಳಲ್ಲಿ ಒಳ್ಳೆಯ ದಿನ ನೋಡಿ ಹೋದೆ. ಪವಿತ್ರ ಬ್ಯಾಗು ತುಂಬಿಕೊಂಡು, ಹೊಸಿಲಿನ ಪಕ್ಕ ಇಟ್ಟುಕೊಂಡು, ತಲೆ ಬಾಚಿ ಹೂ ಮುಡಿದು ನಿಂತಿದ್ದಳು. ಸಾಕಮ್ಮನವರು ಬಾಗಿಲಿಗೆ ಬಂದು, ಮೊದಲು ಗಾಡಿಯ ಚಕ್ರ ನೋಡಿ, ಆಮೇಲೆ ತಲೆ ಎತ್ತಿ ಎತ್ತಿ ನನ್ನನ್ನು ನೋಡಿದರು.

"ಇದೇನ್ ಬೀಗ್ರೇ, ಗಾಡಿಯೋ ಅಟ್ಟವೋ?"

"ಬೆಟ್ಟ ಹತ್ತೋ ಗಾಡಿ ಕಣಮ್ಮ."

"ಮಳವಳ್ಳಿಗೂ ಮಂಡ್ಯಕ್ಕೂ ಮದ್ಯೆ ಯಾವ್ ಬೆಟ್ಟ ಅದೆ?"

ನಾನು ಸ್ಟೂಲು ಇಳಿಬಿಡುವಷ್ಟರಲ್ಲಿ ಅವರು ಒಳಗೆ ಹೋಗಿ ಹಿತ್ತಾಳೆ ಚೊಂಬಿನ ತುಂಬ ನೀರು ತಂದರು. ಕಂಠದವರೆಗೆ ತುಂಬಿತ್ತು, ಇನ್ನೊಂದು ಹನಿ ಹಿಡಿಯುತ್ತಿರಲಿಲ್ಲ. "ಬಸ್ರಿ ಎಂಗ್ಸು ಅಂದ್ರೆ ತುಂಬಿದ್ ಚೊಂಬು ಇದ್ದಂಗೆ. ಇದ ಮಡ್ಲಲ್ಲಿ ಇಟ್ಕೊಂಡು ನಾನೇ ಕೂತ್ಕತೀನಿ. ಕೆರೆ ಏರಿ ತಂಕ ಓಗ್ಬರಾನ. ಒಂದ್ ತೊಟ್ಟು ಚೆಲ್ಲದಿದ್ರೆ ಈಗ್ಲೇ ನಿಮ್ಮ ಮಗಳ ಕರ್ಕೊಂಡೋಗಿ" ಎಂದರು. ನೆರೆಮನೆಯ ಇಬ್ಬರು ಹೆಂಗಸರು ಸ್ಟೂಲು ಹಿಡಿದರು, ಸಾಕಮ್ಮನವರು ಹತ್ತಿದರು, ಆಮೇಲೆ ಚೊಂಬು ಹತ್ತಿತು.

ಬೀದಿ ದಾಟುವ ಮೊದಲೇ ಕಾಲು ಭಾಗ ಅವರ ಮಡಿಲಿಗೆ ಹೋಯಿತು. ಮೊದಲ ಹಂಪಿನಲ್ಲಿ ನನ್ನ ಪಂಚೆ ನೆನೆಯಿತು. ಏರಿಯ ಮೇಲೆ ಎಲ್ಲಿ ಹಂಪಿತ್ತೋ, ಎಲ್ಲಿ ಗುಂಡಿಯಿತ್ತೋ ನನಗೆ ತಿಳಿಯಲಿಲ್ಲ, ಕಾರಣ ಮಿಕ್ಕ ನೀರೆಲ್ಲ ಮುಂದಿನ ಗಾಜಿಗೆ ಒಳಗಿನಿಂದ ಬಿದ್ದಿತ್ತು, ನಾನು ವೈಪರ್ ಹಾಕಿದ್ದೆ, ಅದು ಹೊರಗೆ ಆಡುತ್ತಿತ್ತು. ವಾಪಸು ಬಂದ ಮೇಲೆ ಸಾಕಮ್ಮನವರು ಕೋಪವನ್ನೇನೂ ಮಾಡಿಕೊಳ್ಳಲಿಲ್ಲ. ಚೊಂಬನ್ನು ಎಲ್ಲರ ಮುಂದೆ ಬೋರಲು ಹಾಕಿ ತೋರಿಸಿದರು, ಏನೂ ಬೀಳಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ, "ಒಂದ್ ಕಾರ್ ಮಾಡ್ಕೊಂಡ್ ಬನ್ನಿ ಬೀಗ್ರೇ, ನಾಳಿಕೇ ಬೇಕಾರೂ ಕಳುಸ್ತೀನಿ" ಎಂದರು.

ಆಗ ನಾನು ಆಗಲಿ ಎನ್ನಬೇಕಿತ್ತು. ಬುದ್ಧಿಯಿರುವ ಯಾವ ಊರಿನವನಾದರೂ ಹಾಗೇ ಎನ್ನುತ್ತಿದ್ದ. ನಾನು ಮಂಡ್ಯದವನು. ಮೈಯೆಲ್ಲ ತೊಪ್ಪೆಯಾಗಿದ್ದರೂ ಎದೆ ಸೆಟೆಸಿ, "ಬಂದ್ರೆ ಇದ್ರಲ್ಲೇ ಬರ್ತೀನಿ" ಎಂದೆ. ಸಾಕಮ್ಮನವರೇನು ದೂರದವರೇ? ಅವರೂ ಇದೇ ಜಿಲ್ಲೆಯ ನೀರು ಕುಡಿದವರು. "ಅಂಗಾರೆ ಒಂಬತ್ತರಲ್ಲಿ ಬನ್ನಿ. ಆಗ್ಲೂ ಚೊಂಬು ಇಡ್ತೀನಿ. ಚೆಲ್ತು ಅಂದ್ರೆ ಬಾಣಂತನ ಇಲ್ಲೇ, ತಿಳ್ಕಳಿ" ಎಂದರು. ಪವಿತ್ರ ಹೊಸಿಲಿನ ಪಕ್ಕದ ಬ್ಯಾಗನ್ನು ಮೆಲ್ಲಗೆ ಎತ್ತಿಕೊಂಡು ಒಳಗೆ ಹೋದಳು. ಆ ಬ್ಯಾಗು ಒಳಗೆ ಹೋದದ್ದನ್ನು ಕಣ್ಣಾರೆ ನೋಡಿದೆ. ಆದರೂ ಬಾಯಿ ತಿರುಗಲಿಲ್ಲ.

ಮಂಡ್ಯದ ಮನೆಯ ಗೇಟಿನಲ್ಲಿ ಶಾರದೆ ಮಗಳಿಗೆಂದು ಆರತಿ ತಟ್ಟೆ ಹಿಡಿದು ನಿಂತಿದ್ದಳು. ನಾನೊಬ್ಬನೇ ಸ್ಟೂಲಿನಿಂದ ಇಳಿದೆ. ವಿಷಯ ಕೇಳಿ ಅವಳು ದೀಪವನ್ನು ಕೈಯಲ್ಲೇ ಆರಿಸಿ, "ನಾಳೆ ಟ್ಯಾಕ್ಸಿ ಮಾಡಿ ಕರ್ಕೊಂಡ್ ಬನ್ನಿ" ಎಂದಳು.

"ಮಾತು ಕೊಟ್ಟು ಬಂದಿದ್ದೀನಿ."

"ಯಾರಿಗೆ? ಗಾಡಿಗಾ?"

ಆವತ್ತಿನಿಂದ ಅವಳು ನನ್ನ ಜೊತೆ ಅಗತ್ಯವಿದ್ದಷ್ಟೇ ಮಾತಾಡಿದಳು, ಅಗತ್ಯ ಎಂದರೆ ಯಾವುದು ಎನ್ನುವುದನ್ನೂ ಅವಳೇ ತೀರ್ಮಾನಿಸುತ್ತಿದ್ದಳು.

ಗಾಡಿಯನ್ನು ಸಿದ್ದರಾಜುವಿನ ಶೆಡ್ಡಿಗೆ ಒಯ್ದೆ. ಸಿದ್ದರಾಜು ನಮ್ಮ ಬಡಾವಣೆಯ ಮೆಕಾನಿಕ್ಕು, ಬಾಯಿಯೂ ಕೈಯೂ ಒಟ್ಟಿಗೆ ಓಡಿಸುವ ಮನುಷ್ಯ, ಬಾಯಿ ಒಂದು ಗೇರು ಮುಂದು. ಗಾಡಿಯ ಕೆಳಗೆ ಮಲಗಬೇಕಾದ ಕಷ್ಟವೂ ಅವನಿಗಿರಲಿಲ್ಲ, ಕೂತೇ ನೋಡಿದ. "ಅಣ್ಣ, ಎತ್ತರ ಮಾಡಕ್ಕೆ ಯಾವನೋ ಪುಣ್ಯಾತ್ಮ ಹಿಂದ್ಗಡೆ ಕಮಾನು ಪಟ್ಟಿ ಎರಡು ಜಾಸ್ತಿ ಸೇರ್ಸವ್ನೆ" ಎಂದ. ಕಮಾನು ಪಟ್ಟಿ ಎಂದರೆ ಒಂದರ ಮೇಲೊಂದು ಜೋಡಿಸಿದ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳು. ಹಿಂದೆ ಹೇರಿದ ಭಾರವನ್ನೆಲ್ಲ ಹೊರುವವು ಅವೇ. "ಟನ್ನುಗಟ್ಲೆ ಹೇರಿದ್ರೆ ಬಗ್ತದೆ, ನಿಮ್ಮೊಬ್ರಿಗೆ ಅದು ಯಾಕ್ ಬಗ್ತದೆ? ಆ ಎರಡು ಬಿಚ್ಚಾಕಿದ್ರೆ ಗಾಡಿ ಇಳೀತದೆ, ಮೆತ್ತಗೂ ಆಯ್ತದೆ. ಸಾಯಂಕಾಲ ಬಂದು ತಕ್ಕೊಂಡೋಗಿ."

"ಇಳೀತದೆ ಅಂದ್ರೆ?"

"ಎಲ್ಲಾರ ಗಾಡಿ ಥರ ಆಯ್ತದೆ."

"ಅದೊಂದು ಬಿಟ್ಟು ಬೇರೆ ಏನಾದ್ರೂ ಮಾಡು" ಎಂದೆ.

ನೋಡಿ, ಕಾಯಿಲೆ ಏನೆಂದು ಮೊದಲನೇ ದಿನವೇ ಗೊತ್ತಾಗಿತ್ತು, ಔಷಧಿಯೂ ಗೊತ್ತಾಗಿತ್ತು. ಸಕ್ಕರೆ ಕಾಯಿಲೆಯವನು ಡಾಕ್ಟರ ಎದುರು ಕೂತು, ಜಿಲೇಬಿ ಬಿಡದ ಹಾಗೆ ಏನಾದರೂ ಕೊಡಿ ಎನ್ನುವಂತೆ ನಾನು ಬೇರೆ ಔಷಧಿ ಹುಡುಕತೊಡಗಿದೆ. ಸಿದ್ದರಾಜುವಿಗೇನು, ಅವನದು ಅಂಗಡಿ. ಮೊದಲು ಚಕ್ರದ ಗಾಳಿ ಇಳಿಸಿದ. "ಈಗ ನೋಡಿ, ತೊಟ್ಲು ಕಣಣ್ಣ" ಎಂದ. ತೊಟ್ಟಿಲೋ ಏನೋ, ಸ್ಟೇರಿಂಗು ತಿರುಗಿಸುವುದು ರಾಗಿ ಬೀಸುವ ಕೆಲಸವಾಯಿತು, ಹೆದ್ದಾರಿಯಲ್ಲಿ ಎದುರು ಬಂದವರೆಲ್ಲ ಕಿಟಕಿಯಿಂದ ಕೈ ಹೊರಗೆ ಹಾಕಿ "ಪಂಚರ್, ಪಂಚರ್" ಎಂದು ಸಹಾಯ ಮಾಡಿದರು. ಒಬ್ಬ ಪುಣ್ಯಾತ್ಮ ನಾನು ನಿಲ್ಲಿಸಲಿಲ್ಲವೆಂದು ಮದ್ದೂರಿನವರೆಗೂ ಬೆನ್ನು ಹತ್ತಿ ಬಂದು ಹೇಳಿ ಹೋದ. ಆಮೇಲೆ ಸಿದ್ದರಾಜು ಶಾಕ್‌ಅಬ್ಸಾರ್ಬರ್ ಬದಲಿಸಿ ಮೆತ್ತನೆಯವು ಹಾಕಿದ. ಅದಾದ ಮೇಲೆ ಗಾಡಿ ಎಗರುವುದರ ಜೊತೆಗೆ ತೂಗಾಡುವುದನ್ನೂ ಕಲಿಯಿತು. ನೋಡಿಕೊಂಡು ಬರೋಣವೆಂದು ಮದ್ದೂರಿಗೆ ಹೊರಟವನು ಶಿವಪುರ ಬರುವಷ್ಟರಲ್ಲಿ ರಸ್ತೆಬದಿಗೆ ನಿಲ್ಲಿಸಿ, ಇಳಿದು, ತಿಂದದ್ದನ್ನೆಲ್ಲ ಕಕ್ಕಿದೆ. ಬಸುರಿಯನ್ನು ಕರೆತರಬೇಕಾದವನಿಗೇ ಬಸುರಿಯ ವಾಂತಿ ಶುರುವಾಗಿತ್ತು.

ಸೀಟಿನ ಮೇಲೆ ಹಾಸಿಗೆ ಹಾಕಿ ನೋಡಿದೆ, ಶಾರದೆ ಮಗಳ ಬಾಣಂತನಕ್ಕೆಂದು ಹೊಸದಾಗಿ ಹತ್ತಿ ತುಂಬಿಸಿದ್ದ ಹಾಸಿಗೆ. ಜೀವಮಾನದಲ್ಲಿ ಮೊದಲ ಸಲ ನನ್ನ ತಲೆ ಒಂದು ಚಾವಣಿಗೆ ತಾಗಿತು. ಅದರ ಸಂತೋಷದಲ್ಲಿ ಒಂದು ಹಂಪು ಕಣ್ಣಿಗೆ ಬೀಳಲಿಲ್ಲ, ತಲೆ ಇನ್ನೂ ಚೆನ್ನಾಗಿ ತಾಗಿತು. ಹಾಸಿಗೆ ಹೋದದ್ದು ಶಾರದೆಗೆ ಗೊತ್ತಾಗಿ ಆ ಪ್ರಯೋಗ ಅಲ್ಲಿಗೇ ನಿಂತಿತು.

ಕೊನೆಗೆ ಸಿದ್ದರಾಜು, "ಅಣ್ಣ, ಇಳ್ಸಾಕಂತೂ ಒಪ್ಪಲ್ಲ ನೀವು. ಅಂಗಾರೆ ಹಿಂದ್ಗಡೆ ಭಾರ ಹೇರ್ಕೊಂಡ್ ಓಡಾಡಿ, ಅದು ಖಾಲಿ ಇದ್ರೇ ಕುಣಿಯೋದು" ಎಂದ. ಮರಳಿನ ಮೂಟೆಗಳನ್ನು ತುಂಬಿಸಿಕೊಂಡೆ. ನಿಜಕ್ಕೂ ಗಾಡಿಯ ಸೊಕ್ಕು ಅರ್ಧ ಅಡಗಿತು. ಆದರೆ ನನ್ನ ಗಾಡಿಗೆ ಭಾರ ಬೇಕಂತೆ ಎನ್ನುವ ಸುದ್ದಿ ಬೀದಿಗೆ ಹರಡಿತು. "ಮರಳು ಯಾಕ್ ಸಾರ್ ಸುಮ್ನೆ, ಹೆಂಗೂ ಮದ್ದೂರ್ ಕಡೆ ಹೋಗ್ತೀರಲ್ಲ" ಎಂದು ಒಬ್ಬರು ಸಿಮೆಂಟು ಹೇರಿದರು. ಇನ್ನೊಬ್ಬರು ಗೊಬ್ಬರದ ಮೂಟೆ ಹೇರಿದರು. ಎದುರು ಮನೆಯವರು ಬೀಗರೂಟಕ್ಕೆಂದು ಕುರ್ಚಿ, ಪಾತ್ರೆ, ಕಡೆಗೆ ಎರಡು ಕುರಿಯನ್ನೂ ಹತ್ತಿಸಿದರು. ಕಾಲೇಜಿನ ಸೂಪರಿಂಟೆಂಡೆಂಟು ಬಿಟ್ಟಿ ಸಾಗಣೆಯವನಾದೆ. ಆದರೂ ನನಗೆ ಬೇಸರವಿರಲಿಲ್ಲ, ಮೇಲೆ ಕೂತಿದ್ದೆನಲ್ಲ.

ದಿನಗಳು ಓಡುತ್ತಿದ್ದವು. ಸಂಜೆಯಾದರೆ ಪವಿತ್ರ ಫೋನು ಮಾಡಿ, "ಅಪ್ಪ, ಗಾಡಿ ಮೆತ್ತಗಾಯ್ತಾ?" ಎಂದು ಕೇಳುತ್ತಿದ್ದಳು. "ಆಗ್ತಾ ಇದೆ ಕಣವ್ವ" ಎನ್ನುತ್ತಿದ್ದೆ. ಒಂಬತ್ತನೆಯ ತಿಂಗಳು ಶುರುವಾದ ವಾರ ಅವಳು ಗಾಡಿಯ ಸುದ್ದಿಯನ್ನೇ ಎತ್ತಲಿಲ್ಲ. "ಅಮ್ಮನ ಕೈ ಉಪ್ಸಾರು ತಿನ್ನಂಗಾಗದೆ ಕಣಪ್ಪಾ. ಇಲ್ಲೂ ಮಾಡ್ತಾರೆ, ಚೆನ್ನಾಗೇ ಮಾಡ್ತಾರೆ. ಆದ್ರೂ" ಎಂದು ಅಲ್ಲಿಗೇ ನಿಲ್ಲಿಸಿದಳು. ಆ 'ಆದ್ರೂ' ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ. ಥೂ ನನ್ನ ಜನ್ಮಕ್ಕಿಷ್ಟು, ಒಂದು ಸೀಟಿನ ಎತ್ತರಕ್ಕಾಗಿ ಹೆತ್ತ ಮಗಳನ್ನು ಹೊಸಿಲಲ್ಲಿ ನಿಲ್ಲಿಸಿದ್ದೀಯಲ್ಲೋ ಎಂದು ನನ್ನನ್ನೇ ಬೈದುಕೊಂಡೆ. ಬೆಳಿಗ್ಗೆ ಎದ್ದವನೇ ಶೆಡ್ಡಿಗೆ ಹೋಗಿ, "ಎರಡೂ ಬಿಚ್ಚಪ್ಪ" ಎಂದೆ.

ಸಿದ್ದರಾಜು ಒಂದು ಪಟ್ಟಿ ಬಿಚ್ಚಿ ಗಾಡಿಯನ್ನು ನೆಲಕ್ಕಿಳಿಸಿದ. ನಾನು ಪಕ್ಕದಲ್ಲಿ ನಿಂತಿದ್ದೆ. ಕಿಟಕಿ ನನ್ನ ಮೂಗಿನ ಮಟ್ಟಕ್ಕೆ ಬಂದಿತ್ತು. ಇನ್ನೊಂದು ಬಿಚ್ಚಿದರೆ ಎದೆಮಟ್ಟಕ್ಕೆ ಬರುತ್ತದೆ, ಸ್ಟೂಲಿಗೂ ಕೆಲಸವಿಲ್ಲ, ನಾಳೆಯಿಂದ ಮತ್ತೆ ಅದೇ ಬೋಳು ನೆತ್ತಿಗಳ ಕೆಳಗಿನ ಲೋಕ. ನನ್ನ ಬಾಯಿಂದ ತಾನಾಗಿ, "ಸಾಕು, ಇನ್ನೊಂದು ಇರಲಿ" ಎಂದು ಬಂತು.

"ಅರ್ದಂಬರ್ದ ಮಾಡ್ಬ್ಯಾಡಿ ಕಣಣ್ಣ."

"ಮಿಕ್ಕಿದ್ದಕ್ಕೆ ಹಿಂದೆ ಭಾರ ಇರುತ್ತಲ್ಲ, ಬಿಡು."

ಅವನು ಭುಜ ಕುಣಿಸಿ ಕೈ ಒರೆಸಿಕೊಂಡ. ಮನೆಯಲ್ಲಿ ನಾನು ಎರಡು ಪಟ್ಟಿಯ ಲೆಕ್ಕ ಹೇಳಲಿಲ್ಲ, ಇಳಿಸಿಬಿಟ್ಟೆ ಎಂದಷ್ಟೇ ಹೇಳಿದೆ. ಶಾರದೆಯ ಮುಖ ಎಷ್ಟೋ ವಾರಗಳ ಮೇಲೆ ಅರಳಿತು. ಆವತ್ತು ನನಗೂ ಉಪ್ಸಾರು ಸಿಕ್ಕಿತು.

ಹೊರಡುವ ದಿನ ಮರಳು ಮೂಟೆ ಹೇರುತ್ತಿದ್ದಾಗ ಅವಳು ತಡೆದಳು. "ಬೀಗರ ಮನೆಗೆ ಮರಳು ಹೊತ್ಕೊಂಡ್ ಹೋಗ್ತೀರಾ? ನೋಡಿದವರು ಏನಂದಾರು?" ಮಾತು ಸರಿಯೇ ಎನಿಸಿತು. ಮರಳು ಇಳಿಸಿ, ಬಸರಾಳಿನಿಂದ ಬಂದಿದ್ದ ನಮ್ಮ ಗದ್ದೆಯ ಹೊಸ ಅಕ್ಕಿಯ ಮೂಟೆಗಳನ್ನು ಹೇರಿಸಿದೆ. ನಮ್ಮ ಮನೆಯ ವರ್ಷದ ಅಕ್ಕಿ ಅದು. ಮಳವಳ್ಳಿಗೆ ಹೋಗಿ, ಒಂದು ಸುತ್ತು ಹೊಡೆದು, ಮಗಳ ಜೊತೆ ಹಾಗೇ ವಾಪಸು ಬರಬೇಕು ಎನ್ನುವುದು ನನ್ನ ಯೋಜನೆ. ದಾರಿಯುದ್ದಕ್ಕೂ ಗಾಡಿ ಗಂಭೀರವಾಗಿ ನಡೆಯಿತು, ಬಡ್ತಿ ಸಿಕ್ಕಿದ ನೌಕರನ ಹಾಗೆ. ಗೆದ್ದೆ ಎಂದುಕೊಂಡೆ.

ಮಗಳನ್ನು ಕರೆಯಲು ಬಂದ ತಂದೆಯ ಗಾಡಿಯಲ್ಲಿ ಅಕ್ಕಿ ಮೂಟೆ ಕಂಡರೆ ನಮ್ಮ ಕಡೆ ಯಾರಾದರೂ ಏನು ತಿಳಿಯುತ್ತಾರೆ, ನೀವೇ ಹೇಳಿ. ಇದು ನನ್ನ ತಲೆಗೆ ಹೊಳೆಯಲೇ ಇಲ್ಲ. ಬೀಗರ ತಮ್ಮಂದಿರು, ಮನೆಯ ಆಳುಗಳು ಎಲ್ಲ ಬಾಗಿಲಲ್ಲೇ ಇದ್ದರು. ನಾನು ಗಾಡಿ ನಿಲ್ಲಿಸಿ, ಹಗ್ಗ ಬಿಚ್ಚಿ, ಸ್ಟೂಲು ಇಳಿಬಿಟ್ಟು, ಕಾಲಿಗೆ ಸಿಗದೆ ತಡಕಾಡಿ, ನೆಲಕ್ಕೆ ಇಳಿದು, ಪಂಚೆ ಸರಿಮಾಡಿಕೊಂಡು ಹಿಂದೆ ತಿರುಗುವ ಹೊತ್ತಿಗೆ ಮೂಟೆಗಳೆಲ್ಲ ಜಗಲಿಯ ಮೇಲೆ ಸಾಲಾಗಿ ಕೂತಿದ್ದವು. ಯಾವತ್ತೂ ಮಾತಾಡದ ಬೀಗರು ಆವತ್ತು ಬಾಯಿ ಬಿಟ್ಟು, "ಇಷ್ಟೆಲ್ಲ ಯಾಕ್ ತರಾಕೋದ್ರಿ ಬೀಗ್ರೇ" ಎಂದರು. ಅದು ಕೊಡಲು ತಂದದ್ದಲ್ಲ, ತೂಕಕ್ಕೆ ತಂದದ್ದು ಎಂದು ಹೇಳುವ ಗಂಡಸು ಮಂಡ್ಯ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. "ಏನೋ, ನಮ್ಮ ಗದ್ದೇದು" ಎಂದು ನಕ್ಕೆ. ನಗು ಹೇಗೆ ಬಂತೋ ನನಗೇ ಗೊತ್ತಿಲ್ಲ.

ಖಾಲಿ ಗಾಡಿ ನನ್ನನ್ನು ನೋಡುತ್ತ ನಿಂತಿತ್ತು. ಪವಿತ್ರ ಅದೇ ಬ್ಯಾಗಿನ ಜೊತೆ ಹೊಸಿಲಲ್ಲಿ ನಿಂತಿದ್ದಳು, ತುಂಬಿದ ಬಸುರು ಹೊತ್ತುಕೊಂಡು, ಕಣ್ಣಲ್ಲಿ ಆಸೆ ತುಂಬಿಕೊಂಡು. ಸಾಕಮ್ಮನವರು ಒಳಗಿನಿಂದ ಅದೇ ಹಿತ್ತಾಳೆ ಚೊಂಬು ತಂದರು. ಈ ಸಲ ಅದರ ಬಾಯಿಗೆ ಬಾಳೆಲೆ ಮುಚ್ಚಿ ದಾರ ಸುತ್ತಿತ್ತು. ನಾನು ಎಲೆಯನ್ನೇ ನೋಡುತ್ತಿದ್ದುದನ್ನು ಕಂಡು, "ಏರಿ ಮೇಲೆ ದೂಳು ಕಣ್ ಬೀಗ್ರೇ, ಅದ್ಕೇ" ಎಂದರು. ನಾನು ಹೆಚ್ಚು ವಿಚಾರಿಸಲಿಲ್ಲ, ಕೇಳಿದರೆ ಎಲ್ಲಿ ಬಿಚ್ಚಿಬಿಡುತ್ತಾರೋ ಎಂಬ ಭಯ. ನೀರು ಚೆಲ್ಲಿದರೆ ಎಲೆಯ ಅಂಚಿನಿಂದಲೂ ಸೋರುತ್ತದೆ, ಸಿಕ್ಕಿಬೀಳುವುದು ಖಂಡಿತ ಎಂದು ಮನೆದೇವರನ್ನು ನೆನೆದು, ಅವರನ್ನೂ ಚೊಂಬನ್ನೂ ಹತ್ತಿಸಿಕೊಂಡು ಹೊರಟೆ.

ಕೆರೆ ಏರಿಯ ಮೇಲೆ ನಾನು ಆವತ್ತು ಓಡಿಸಿದ ಹಾಗೆ ಎಂದೂ ಓಡಿಸಿರಲಿಲ್ಲ. ಸೈಕಲ್ಲಿನವರು ನನ್ನನ್ನು ಹಿಂದೆ ಹಾಕಿ ಹೋದರು. ಮೇಯುತ್ತಿದ್ದ ಹಸುವೊಂದು ಪಕ್ಕದಲ್ಲೇ ಸ್ವಲ್ಪ ದೂರ ನಡೆದು, ಬೇಸರ ಬಂದು ಮುಂದೆ ಹೋಯಿತು. ಆದರೂ ಖಾಲಿ ಗಾಡಿ ತನ್ನ ಬುದ್ಧಿ ಬಿಡಲಿಲ್ಲ. ಎರಡು ಕಡೆ ಚೆನ್ನಾಗಿಯೇ ಎಗರಿತು. ಒಂದು ಕಡೆ ಸಾಕಮ್ಮನವರ ತಲೆ ಮೇಲಕ್ಕೆ ತಾಗಿದ ಸದ್ದು ಕೇಳಿಸಿತು. ಮುಗಿಯಿತು ಕಥೆ ಎಂದುಕೊಂಡು ವಾಪಸು ಬಂದು ನಿಲ್ಲಿಸಿದೆ. ಅವರು ಇಳಿದು, ಚೊಂಬಿನ ಸುತ್ತ ಕೈಯಾಡಿಸಿ, ಅಂಗೈಯನ್ನು ಎಲ್ಲರಿಗೂ ತೋರಿಸಿದರು. ಒಣಗಿದ ಅಂಗೈ. "ಒಂದ್ ತೊಟ್ಟೂ ಚೆಲ್ಲಿಲ್ಲ. ರಿಪೇರಿ ಚೆನ್ನಾಗೇ ಮಾಡ್ಸವ್ರೆ ನಮ್ಮ ಬೀಗ್ರು" ಎಂದು ಸೊಸೆಯ ಮಡಿಲು ತುಂಬಿದರು. ಕಡೆಗೆ ಆ ಚೊಂಬನ್ನೂ ಅವಳ ಕೈಗೆ ಕೊಟ್ಟು, "ಇದ ನಿಮ್ಮವ್ವಂಗೆ ಕೊಡು. ದಾರೀಲಿ ಬಿಚ್ಬ್ಯಾಡ" ಎಂದರು. ನನಗೆ ಆಗ ಮೈಮೇಲೆ ಜ್ಞಾನವಿರಲಿಲ್ಲ. ನನ್ನ ಓಡಿಸುವ ಕೈಚಳಕಕ್ಕೆ ನಾನೇ ಬೆರಗಾಗಿದ್ದೆ.

ನಿಧಾನವಾಗಿ ಬರುವುದಾದರೆ ಬರಬಹುದು ಎಂದು ಡಾಕ್ಟರಮ್ಮ ಹೇಳಿದ್ದರು. ಮದ್ದೂರಿನ ಮೇಲೆ ಬಂದೆವು. ಅಷ್ಟು ನಿಧಾನವಾಗಿ ಆ ರಸ್ತೆಯಲ್ಲಿ ಕಬ್ಬಿನ ಗಾಡಿಯೂ ಹೋಗುವುದಿಲ್ಲ. ಪವಿತ್ರ ಒಂದು ಕೈಯಲ್ಲಿ ಕಿಟಕಿಯ ಹಿಡಿ, ಇನ್ನೊಂದು ಕೈಯಲ್ಲಿ ಹೊಟ್ಟೆ ಹಿಡಿದು, ಚೊಂಬನ್ನು ಎರಡು ಪಾದಗಳ ನಡುವೆ ಒತ್ತಿಕೊಂಡು ಕೂತಿದ್ದಳು. ನಾನು ಗಳಿಗೆಗೊಮ್ಮೆ, "ಹೆಂಗದೆ ಮಗ?" ಎಂದು ಕೇಳುವುದು, ಅವಳು, "ತೊಟ್ಲಲ್ಲಿ ಕೂತಂಗದೆ ಕಣಪ್ಪಾ" ಎನ್ನುವುದು. ಮದ್ದೂರಿನಲ್ಲಿ ಎಳನೀರು ಕುಡಿಸಿದೆ. ಅವಳು ಸೊಂಟ ನೀವಿಕೊಂಡಳು, ನಾನು ನೋಡಿದಾಗ ಕೈ ತೆಗೆದಳು. ನನಗೆ ಅದು ಕಂಡೂ ಕಾಣಲಿಲ್ಲ.

ಮನೆಯಲ್ಲಿ ಶಾರದೆ ಆರತಿ ಎತ್ತಿ, ಮಗಳ ಕೆನ್ನೆ ಸವರಿ ಅತ್ತು, ಒಳಗೆ ಕರೆದುಕೊಂಡು ಹೋದಳು. ನಾನು ಜಗಲಿಯಲ್ಲಿ ಕೂತು ಎದುರು ಮನೆಯವರಿಗೆ ಚೊಂಬಿನ ಪ್ರಸಂಗವನ್ನು ವಿವರಿಸುತ್ತಿದ್ದೆ. "ಖಾಲಿ ಗಾಡಿ ಸ್ವಾಮಿ, ಕಂಠಮಟ್ಟ ನೀರು, ಒಂದು ತೊಟ್ಟು ಚೆಲ್ಲಿಲ್ಲ. ಗಾಡಿ ಅಲ್ಲ, ಕೈ ಮುಖ್ಯ" ಎನ್ನುವ ಹೊತ್ತಿಗೆ ಅಡುಗೆಮನೆಯಿಂದ ಶಾರದೆ, "ಸ್ವಲ್ಪ ಇಲ್ಲಿ ಬರ್ತೀರಾ?" ಎಂದಳು. ಆ 'ಸ್ವಲ್ಪ'ದ ದನಿ ಗೊತ್ತಿದ್ದವರು ತಡಮಾಡುವುದಿಲ್ಲ. ಹೋದೆ.

ಚೊಂಬಿನ ಬಾಳೆಲೆ ಬಿಚ್ಚಿತ್ತು. ಒಳಗೆ ನೀರಿರಲಿಲ್ಲ. ಸಾಕಮ್ಮನವರು ಕೊಟ್ಟು ಕಳಿಸಿದ್ದು ಎಮ್ಮೆ ಹಾಲಿನ ಗಟ್ಟಿ ಮೊಸರು, ಚೊಂಬಿನಲ್ಲೇ ಹೆಪ್ಪು ಹಾಕಿದ್ದು. ಗಟ್ಟಿ ಮೊಸರು ಅಂದರೆ ನಿಮಗೆ ಗೊತ್ತಲ್ಲ, ಕೆರೆ ಏರಿಯ ಮೇಲೆ ಒಂದು ಸುತ್ತಿಗೆ ಅದೆಲ್ಲಿ ಚೆಲ್ಲುತ್ತದೆ? ಆದರೆ ಈಗ ಮೊಸರೂ ಇರಲಿಲ್ಲ. ಮಳವಳ್ಳಿಯಿಂದ ಮಂಡ್ಯದವರೆಗೆ ಕಡೆದು ಕಡೆದು ಅದು ನೀರು ಮಜ್ಜಿಗೆಯಾಗಿತ್ತು, ಮೇಲೆ ನಿಂಬೆಹಣ್ಣಿಗಿಂತ ದಪ್ಪಗೆ ಒಂದು ಬೆಣ್ಣೆಯ ಉಂಡೆ ತೇಲುತ್ತಿತ್ತು. ಶಾರದೆ ಬೆಣ್ಣೆಯನ್ನು ನೋಡಿದಳು, ನನ್ನನ್ನು ನೋಡಿದಳು, ಗೋಡೆಗೆ ಒರಗಿ ಸೊಂಟಕ್ಕೆ ದಿಂಬು ಕೊಟ್ಟುಕೊಂಡಿದ್ದ ಮಗಳನ್ನು ನೋಡಿದಳು.

"ತೊಟ್ಲಲ್ಲಿ ಕೂತಂಗಿತ್ತು ಅಂದೆಯಲ್ಲವ್ವ" ಎಂದೆ ಪವಿತ್ರಳಿಗೆ.

ಅವಳು ನಕ್ಕಳು. "ಹೆಪ್ಪು ಹಾಕೋವಾಗ್ಲೇ ಅತ್ತೆ ಹೇಳಿದ್ರು ಕಣಪ್ಪಾ. ನಿಮ್ಮಪ್ಪ ಎಂಥಾ ಗಾಡಿ ತಂದ್ರೂ ಈ ಕಿತ ಕಳುಸ್ತೀನಿ, ತೌರಿನ ಆಸೆ ನನಗೆ ಗೊತ್ತಿಲ್ವಾ ಅಂತ. ಆದ್ರೆ ಬೀದೀಲಿ ಆಡಿದ್ ಮಾತು, ನಂದೂ ಉಳೀಬೇಕು, ನಿಮ್ಮಪ್ಪಂದೂ ಉಳೀಬೇಕು ಅಂದ್ರು." ದಿಂಬು ಸರಿಮಾಡಿಕೊಂಡು, "ಅಕ್ಕಿ ತಂದಿದ್ದು ನೋಡಿ ಅತ್ತೆಗೆ ತುಂಬ ಸಂತೋಷ ಆಯ್ತಪ್ಪ" ಎಂದಳು.

ಅಕ್ಕಿಯ ಮಾತು ಬಂದ ಕೂಡಲೇ ಶಾರದೆ ನನ್ನ ಕಡೆ ತಿರುಗಿದಳು. ಆ ವಿಷಯವನ್ನು ನಾನಿಲ್ಲಿ ಬರೆಯುವುದಿಲ್ಲ. ನಾನು ಹೇಳುವುದು ಇಷ್ಟೇ. ಆವತ್ತು ನನಗೆ ನಾಚಿಕೆಯಾಯಿತು, ಬಾಯಿಮಾತಿನ ನಾಚಿಕೆಯಲ್ಲ. ನನ್ನ ಒಂದು ಪಟ್ಟಿಯ ಎತ್ತರವನ್ನು ಕಾಪಾಡಲು ಒಬ್ಬ ಬೀಗಿತ್ತಿ ಮೊಸರು ಹೆಪ್ಪು ಹಾಕಿದ್ದರು, ಒಬ್ಬ ಮಗಳು ದಾರಿಯುದ್ದಕ್ಕೂ ಸುಳ್ಳು ಹೇಳಿದ್ದಳು. ಶಾರದೆ ಬೆಣ್ಣೆ ತೆಗೆದು, ಬಿಸಿ ಮುದ್ದೆಯ ಮೇಲಿಟ್ಟು, ಉಪ್ಸಾರಿನ ಜೊತೆ ಮಗಳಿಗೆ ಕೊಟ್ಟಳು. ಪವಿತ್ರ ಕಣ್ಣು ಮುಚ್ಚಿಕೊಂಡು ಉಂಡಳು.

ಮೊಮ್ಮಗಳು ಸುಖವಾಗಿ ಹುಟ್ಟಿದಳು, ಅಳು ಕೇಳಿದರೆ ಸಾಕಮ್ಮನವರ ಕಡೆಯವಳೇ. ಬಾಣಂತಿಗೆ ಎಣ್ಣೆನೀರು ಆದ ಮೇಲೆ ಬಂದ ಭಾನುವಾರ ನಾನು ಗಟ್ಟಿ ಮನಸ್ಸು ಮಾಡಿ, ಆ ಇನ್ನೊಂದು ಪಟ್ಟಿಯನ್ನೂ ಬಿಚ್ಚಿಸಿ ಎಲ್ಲರಂತಾಗಿಬಿಡೋಣ ಎಂದು ಸ್ಟೂಲು ತೆಗೆದುಕೊಂಡು ಹೊರಟೆ. ಗೇಟಿನಲ್ಲಿ ಶಾರದೆ ಅಡ್ಡ ನಿಂತಿದ್ದಳು. ಕೈಯಲ್ಲಿ ಮುಚ್ಚಳ ಹಾಕಿದ ಸ್ಟೀಲಿನ ಡಬ್ಬ, ಅದರ ತುಂಬ ವಾರವೆಲ್ಲ ಕೂಡಿಸಿಟ್ಟ ಕೆನೆ ಮೊಸರು.

"ಎಲ್ಲಿಗೆ?"

"ಆ ಪಟ್ಟಿ ಬಿಚ್ಚಿಸೋಕೆ."

"ಯಾರು ಹೇಳಿದ್ದು ಬಿಚ್ಚಿಸಿ ಅಂತ? ಬಾಣಂತಿ ಮನೆ, ಬೆಣ್ಣೆ ಬೇಕು. ಕಡೆಯೋಕೆ ನನ್ನ ತೋಳಲ್ಲಿ ಶಕ್ತಿ ಇಲ್ಲ. ಮದ್ದೂರಿನವರೆಗೂ ಒಂದ್ಸಲ ಹೋಗ್ಬನ್ನಿ" ಎಂದು ಡಬ್ಬವನ್ನು ತಾನೇ ಸೀಟಿನ ಮೇಲಿಟ್ಟಳು. ನಾನು ಹತ್ತಿ ಕೂತೆ. ಅವಳು ಕಿಟಕಿಯ ಕೆಳಗೆ ನಿಂತು, ತಲೆ ಎತ್ತಿ, "ನಿಧಾನವಾಗಿ ಮಾತ್ರ ಓಡಿಸ್ಬೇಡಿ" ಎಂದಳು. ಅಷ್ಟು ಎತ್ತರದಲ್ಲಿ ಕೂತವನು ಇನ್ನೇನು ಹೇಳುತ್ತಾನೆ? ಸ್ಟೂಲು ಸೇದಿಕೊಂಡು ಗಾಡಿ ಚಾಲೂ ಮಾಡಿದೆ.